ಯಾವ ತರಗತಿಗೆ ಮೇಷ್ಟ್ರಾಗಬೇಕು? ಮೊದಲು ಅದು ತೀರ್ಮಾನವಾಗಲಿ

ಸರ್ಕಾರಿ ಶಾಲೆಯ ಶಿಕ್ಷಕ ಹುದ್ದೆ ಕುರಿತು ಓದುಗರು ಕಳಿಸಿದ ಪತ್ರಗಳಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಕಾಣುತ್ತದೆ. ಸಿಕ್ಕಿದ ಕೋರ್ಸಿಗೆ ಸೇರಿ, ಮುಗಿಸಿಕೊಂಡು, ಆಮೇಲೆ 'ಇದಕ್ಕೆ ಯಾವ ಹುದ್ದೆ ಬರುತ್ತೆ' ಎಂದು ಕೇಳುವವರೇ ಹೆಚ್ಚು. ಇದು ತಿರುವುಮುರುವಾದ ದಾರಿ. ಯಾವ ತರಗತಿಯ ಮಕ್ಕಳಿಗೆ ಕಲಿಸಬೇಕು ಎಂಬುದು ಮೊದಲು ತೀರ್ಮಾನವಾದರೆ ಕೋರ್ಸು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪತ್ರಿಕೆ, ಪದವಿಯ ವಿಷಯಗಳು ಎಲ್ಲವೂ ತಾವಾಗಿ ಗೊತ್ತಾಗುತ್ತವೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ, ಶೇ 71 ಬಂದಿದೆ. ಟೀಚರ್ ಆಗಬೇಕೆಂಬ ಹಟ. ಡಿ.ಎಡ್‌ಗೆ ಈಗ ಬೆಲೆ ಇಲ್ಲ, ಡಿಗ್ರಿ ಮಾಡಿಸಿ ಬಿ.ಎಡ್ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಯಾವುದು ಸರಿ? (ತಾಯಿ, ಹಾವೇರಿ)

ಉತ್ತರ: ಡಿ.ಎಡ್‌ಗೆ ಬೆಲೆ ಇಲ್ಲ ಎಂಬ ಮಾತು ಈಗ ನಿಜವಲ್ಲ. 1ರಿಂದ 5ನೇ ತರಗತಿಯ ಹುದ್ದೆಗೆ ಪಿಯುಸಿಯಲ್ಲಿ ಶೇ 50 ಅಂಕ ಮತ್ತು ಎರಡು ವರ್ಷದ ಡಿ.ಎಲ್.ಎಡ್ (ನಾವು ಹಳೇ ರೂಢಿಯಲ್ಲಿ ಡಿ.ಎಡ್ ಅನ್ನುವುದು ಇದನ್ನೇ) ಬೇಕು. ಬಿ.ಎಡ್ ಆದವರಿಗೂ ಈ ಹುದ್ದೆಗೆ ಅವಕಾಶ ಕೊಟ್ಟು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2018ರಲ್ಲಿ ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದು ತೀರ್ಪು ಕೊಟ್ಟಿತು. ಎಳೆಯ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ, ಬಿ.ಎಡ್‌ನಲ್ಲಿ ಅದು ಸಿಗುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ. ಹಾಗಾಗಿ ಕಿರಿಯ ತರಗತಿಗಳಿಗೆ ಡಿ.ಎಲ್.ಎಡ್ ಆದವರದ್ದೇ ಹಕ್ಕು.

6ರಿಂದ 8ನೇ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ. ಪದವಿಯ ಜೊತೆ ಡಿ.ಎಲ್.ಎಡ್ ಇದ್ದರೂ ನಡೆಯುತ್ತದೆ, ಬಿ.ಎಡ್ ಇದ್ದರೂ ನಡೆಯುತ್ತದೆ. 9 ಮತ್ತು 10ಕ್ಕೆ ಪದವಿ ಮತ್ತು ಬಿ.ಎಡ್ಡೇ ಆಗಬೇಕು. ಪಿಯು ಉಪನ್ಯಾಸಕರಾಗಲು ಶೇ 55 ಅಂಕದ ಸ್ನಾತಕೋತ್ತರ ಪದವಿ, ಜೊತೆಗೆ ಬಿ.ಎಡ್.

ಈಗ ವರ್ಷಗಳ ಲೆಕ್ಕ ಹಾಕಿ. ಡಿ.ಎಲ್.ಎಡ್ ಎರಡು ವರ್ಷ, ಆಮೇಲೆ ಪದವಿ ಮೂರು ವರ್ಷ: ಒಟ್ಟು ಐದು. ಪದವಿ ಮೂರು, ಬಿ.ಎಡ್ ಎರಡು: ಅದೂ ಐದೇ. ಮೊದಲ ದಾರಿಯಲ್ಲಿ ಹೋದರೆ ಎರಡೇ ವರ್ಷಕ್ಕೆ ಒಂದು ಹುದ್ದೆಗೆ ಅರ್ಹತೆ ಬರುತ್ತದೆ, ಐದನೇ ವರ್ಷಕ್ಕೆ 1–5 ಮತ್ತು 6–8 ಎರಡೂ ಕೈಯಲ್ಲಿರುತ್ತವೆ, ಪ್ರೌಢಶಾಲೆ ಮಾತ್ರ ಇಲ್ಲ. ಎರಡನೇ ದಾರಿಯಲ್ಲಿ 6–8 ಮತ್ತು ಪ್ರೌಢಶಾಲೆ ಸಿಗುತ್ತವೆ, 1–5 ಇಲ್ಲ. ಮಗಳಿಗೆ ಪುಟ್ಟ ಮಕ್ಕಳೊಡನೆ ಇರುವುದು ಇಷ್ಟವೋ, ಒಂದು ವಿಷಯವನ್ನು ಆಳವಾಗಿ ಪಾಠ ಮಾಡುವುದು ಇಷ್ಟವೋ ಎಂದು ಅವಳನ್ನೇ ಕೇಳಿ. ಮನೆಯಲ್ಲಿ ದುಡಿಮೆ ಬೇಗ ಬೇಕು ಎಂದಿದ್ದರೆ ನಮ್ಮ ಒಲವು ಡಿ.ಎಲ್.ಎಡ್ ಕಡೆಗೇ.

ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಪಿಯುಸಿ ಅಂಕದ ಮೇಲೆ ಹಂಚುತ್ತದೆ. ನಿಮ್ಮ ಜಿಲ್ಲೆಯ ಸರ್ಕಾರಿ ಶಿಕ್ಷಕ ತರಬೇತಿ ಸಂಸ್ಥೆ ಡಯಟ್‌ಗೆ ಮೊದಲ ಆದ್ಯತೆ ಕೊಡಿ. ಶುಲ್ಕ ಕಡಿಮೆ, ಅಭ್ಯಾಸ ಬೋಧನೆಗೆ ಸರ್ಕಾರಿ ಶಾಲೆಗಳೇ ಸಿಗುತ್ತವೆ. ಪಿಯುಸಿ ಆದಮೇಲೆ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ಎಂಬ ಮೂರನೇ ದಾರಿಯೂ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ಕೋರ್ಸುಗಳಿಗೆ ಮೊದಲಿಂದ ಹೆಸರಾದದ್ದು, ಅಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು.

ಪ್ರಶ್ನೆ: ಬಿ.ಎಡ್ ಆಗಿದೆ. ಟಿಇಟಿ ಪತ್ರಿಕೆ 1 ಮತ್ತು 2 ಎರಡೂ ಪಾಸಾಗಿದ್ದೇನೆ. 1–5ಕ್ಕೆ ಅರ್ಜಿ ಹಾಕಬಹುದೇ? (ಶಿರಾ)

ಉತ್ತರ: ಇಲ್ಲ. ಹಿಂದಿನ ಉತ್ತರದಲ್ಲಿ ಹೇಳಿದ ತೀರ್ಪಿನ ಮೇಲೆ, 1–5ರ ಹುದ್ದೆಗಿರುವ ಪತ್ರಿಕೆ 1ರ ಪ್ರಮಾಣಪತ್ರ ನಿಮಗೆ ಹುದ್ದೆಯ ದೃಷ್ಟಿಯಿಂದ ಉಪಯೋಗಕ್ಕೆ ಬರುವುದಿಲ್ಲ. 6–8ಕ್ಕಿರುವ ಪತ್ರಿಕೆ 2ರ ಅಂಕ ಹೆಚ್ಚಿಸಿಕೊಳ್ಳುವುದಕ್ಕೆ ನಿಮ್ಮ ಶ್ರಮ ಹೋಗಲಿ. ಅದರಿಂದ ಏನು ಲಾಭ ಎಂಬುದು ಮುಂದೆ ಬರುತ್ತದೆ.

ಪ್ರಶ್ನೆ: ಟಿಇಟಿ ಪತ್ರಿಕೆ 2, ಸಮಾಜ ವಿಜ್ಞಾನ. ಒಮ್ಮೆ 81, ಇನ್ನೊಮ್ಮೆ 84. ನನ್ನದು ಪ್ರವರ್ಗ 2ಎ. ಇತಿಹಾಸ, ಭೂಗೋಳ ಪೂರ್ತಿ ಓದಿಕೊಂಡಿದ್ದೇನೆ. ಆದರೂ ಪಾಸಾಗಲು ಬೇಕಾದ 90 ಮುಟ್ಟುತ್ತಿಲ್ಲ. ಎಲ್ಲಿ ತಪ್ಪುತ್ತಿದೆ? (ಗೋಕಾಕ)

ಉತ್ತರ: ತಪ್ಪು ಎಲ್ಲಿದೆ ಎಂಬುದನ್ನು ಪತ್ರಿಕೆಯ ರಚನೆಯೇ ಹೇಳುತ್ತದೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಇದರಲ್ಲಿ ನಿಮ್ಮ ಸಮಾಜ ವಿಜ್ಞಾನಕ್ಕೆ ಇರುವುದು 60 ಮಾತ್ರ. ಉಳಿದ 90 ಅಂಕ ಮಕ್ಕಳ ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30, ಭಾಷೆ 1ಕ್ಕೆ 30, ಭಾಷೆ 2ಕ್ಕೆ 30 ಎಂದು ಹಂಚಿಹೋಗಿದೆ. ನೀವು ಓದುತ್ತಿರುವುದು 60ಕ್ಕೆ, ಸೋಲುತ್ತಿರುವುದು ಬಹುಶಃ ಆ 90ರಲ್ಲಿ. ಹಳೆಯ ಪತ್ರಿಕೆ ತೆಗೆದು ಗಡಿಯಾರ ಇಟ್ಟುಕೊಂಡು ಬರೆಯಿರಿ, ಭಾಗವಾರು ಅಂಕ ಹಾಕಿಕೊಳ್ಳಿ. ಎರಡನೇ ಭಾಷೆ ಇಂಗ್ಲಿಷ್ ಆಗಿದ್ದರೆ ಅಲ್ಲಿ 13–14ಕ್ಕೆ ನಿಲ್ಲುವವರು ಬಹಳ. ದಿನಕ್ಕೊಂದು ಗದ್ಯಭಾಗ ಓದಿ ಐದು ಪ್ರಶ್ನೆಗೆ ಉತ್ತರಿಸುವ ಅಭ್ಯಾಸವನ್ನು ಎರಡು ತಿಂಗಳು ಬಿಡದೆ ಮಾಡಿದರೆ ಅಲ್ಲಿ ಐದಾರು ಅಂಕ ಏರುವುದು ಕಷ್ಟವಲ್ಲ. ನಿಮಗೆ ಬೇಕಾಗಿರುವುದೂ ಅಷ್ಟೇ.

ಬೋಧನಾ ಶಾಸ್ತ್ರದ ಪ್ರಶ್ನೆಗಳಲ್ಲಿ ಸಿದ್ಧಾಂತದ ಹೆಸರು ಕಂಠಪಾಠ ಮಾಡಿದವರು ಮೋಸ ಹೋಗುತ್ತಾರೆ. ಮನೋವಿಜ್ಞಾನಿ ಪಿಯಾಜೆ ಹೇಳಿದ ಮಕ್ಕಳ ಬೆಳವಣಿಗೆಯ ಹಂತಗಳು ಇಂತಿಂಥ ವಯಸ್ಸಿಗೆ ಎಂದು ನೇರವಾಗಿ ಕೇಳುವುದು ಕಡಿಮೆ. ಕೇಳುವ ರೀತಿ ಹೀಗಿರುತ್ತದೆ: ಅಗಲ ಲೋಟದ ನೀರನ್ನು ಮಗುವಿನ ಎದುರಿಗೇ ಉದ್ದನೆಯ ಸಪೂರ ಲೋಟಕ್ಕೆ ಸುರಿದರೆ 'ಇದರಲ್ಲಿ ಜಾಸ್ತಿ ಇದೆ' ಎಂದು ಮಗು ಹೇಳುತ್ತದೆ, ಶಿಕ್ಷಕಿ ಏನು ಮಾಡಬೇಕು? 'ಎರಡೂ ಸಮ ಎಂದು ವಿವರಿಸಬೇಕು' ಎಂಬ ಆಯ್ಕೆ ಇರುತ್ತದೆ, ಓದುವವರಿಗೆ ಅದೇ ಸರಿ ಅನ್ನಿಸುತ್ತದೆ. ಆದರೆ ಸರಿಯುತ್ತರ ಮಗುವಿನ ಕೈಯಲ್ಲೇ ನೀರನ್ನು ಹಿಂದಕ್ಕೂ ಮುಂದಕ್ಕೂ ಸುರಿಸಿ ನೋಡಲು ಬಿಡುವುದು. ಎರಡರಿಂದ ಏಳು ವರ್ಷದ ಮಗು ಎತ್ತರವನ್ನು ನೋಡುವಾಗ ಅಗಲವನ್ನು ಮರೆಯುತ್ತದೆ. ಮಾತಿನ ವಿವರಣೆ ಅಲ್ಲಿ ಹೊಕ್ಕುವುದಿಲ್ಲ.

ಪತ್ರಿಕೆ 1 ಬರೆಯುವವರಿಗೂ ಒಂದು ಮಾತು. ಗಣಿತದ ಬೋಧನೆಯ ಪ್ರಶ್ನೆಗಳು ಇದೇ ಜಾಡಿನವು. ಒಬ್ಬ ಹುಡುಗ 402ರಿಂದ 178 ಕಳೆದು 376 ಎಂದು ಬರೆದಿದ್ದಾನೆ ಅಂದುಕೊಳ್ಳಿ. ಸರಿಯುತ್ತರ 224. ಅವನು ಗಮನವಿಲ್ಲದೆ ಬರೆದದ್ದಲ್ಲ. 2ರಲ್ಲಿ 8 ಹೋಗುವುದಿಲ್ಲ ಎಂದು 8ರಲ್ಲಿ 2 ಕಳೆದ, 0ಯಲ್ಲಿ 7 ಹೋಗುವುದಿಲ್ಲ ಎಂದು 7ರಲ್ಲಿ 0 ಕಳೆದ, 4ರಲ್ಲಿ 1 ಕಳೆದ. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅವನೇ ಮಾಡಿಕೊಂಡ ನಿಯಮ. ಕಾರಣ, ಸ್ಥಾನಬೆಲೆ ಮತ್ತು ದಶಕ ಬಿಡಿಸುವುದು ಅವನಿಗೆ ಗೊತ್ತಾಗಿಲ್ಲ. ಇಂಥ ಪ್ರಶ್ನೆಗೆ 'ಇನ್ನಷ್ಟು ಲೆಕ್ಕ ಕೊಟ್ಟು ಅಭ್ಯಾಸ ಮಾಡಿಸುವುದು' ಎಂಬ ಉತ್ತರ ತಪ್ಪು, ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ತೋರಿಸುವುದು ಸರಿ. ಮಗು ಯಾಕೆ ಹೀಗೆ ಬರೆಯಿತು ಎಂದು ಯೋಚಿಸುವ ರೂಢಿ ಬಂದರೆ ಈ ಭಾಗದಲ್ಲಿ 22–24 ಅಂಕ ತಾನಾಗಿ ಬರುತ್ತದೆ, ಮುಂದೆ ತರಗತಿಯಲ್ಲೂ ಅದೇ ಕೆಲಸಕ್ಕೆ ಬರುತ್ತದೆ.

ವಿಷಯಕ್ಕೆ ರಾಜ್ಯ ಪಠ್ಯಪುಸ್ತಕಗಳೇ ಆಧಾರ. 6ರಿಂದ 8ರ ಪುಸ್ತಕಗಳನ್ನು ಪಾಠದ ಹಿಂದಿನ ಪ್ರಶ್ನೆಗಳ ಸಮೇತ ಮುಗಿಸಿ, ಮೇಲೆ 9–10ರವನ್ನು ನೋಡಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲವೂ ಉಚಿತ. ಗೈಡುಗಳಿಗೆ ದುಡ್ಡು ಸುರಿಯುವ ಮೊದಲು ಇವನ್ನು ಮುಗಿಸಿ.

ಕೊಠಡಿಯೊಳಗಿನ ತಪ್ಪುಗಳು ಬೇರೆಯವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಉತ್ತರಗಳನ್ನು ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿಕೊಂಡು ಕೊನೆಯಲ್ಲಿ ಒಟ್ಟಿಗೆ ವೃತ್ತ ತುಂಬುವ ಉತ್ತರಹಾಳೆಯಾದ ಒಎಂಆರ್‌ಗೆ ಇಳಿಸುವವರು ಸಾಲು ತಪ್ಪುತ್ತಾರೆ. 37ನ್ನು ಬಿಟ್ಟು ಮುಂದೆ ಹೋಗಿ 38ರ ಉತ್ತರವನ್ನು 37ರ ಸಾಲಿಗೆ ತುಂಬಿದರೆ ಅಲ್ಲಿಂದ ಮುಂದೆ ಎಲ್ಲವೂ ಒಂದು ಮನೆ ಜಾರುತ್ತದೆ. 30 ಪ್ರಶ್ನೆ ಮುಗಿದ ಕೂಡಲೇ ಆ 30ನ್ನು ತುಂಬಿಬಿಡಿ. ನೋಂದಣಿ ಸಂಖ್ಯೆ ಮತ್ತು ಪ್ರಶ್ನೆಪತ್ರಿಕೆಯ ಶ್ರೇಣಿಯನ್ನು ಬರೆದರೆ ಸಾಲದು, ವೃತ್ತ ತುಂಬಬೇಕು. ತಾತ್ಕಾಲಿಕ ಕೀ ಉತ್ತರ ಬಂದಾಗ ನಿಮ್ಮ ಪ್ರತಿಯೊಡನೆ ಹೋಲಿಸಿ ನೋಡಿ. ಕೀ ತಪ್ಪಿದ್ದರೆ ಪಠ್ಯಪುಸ್ತಕದ ಪುಟವನ್ನೇ ಆಧಾರವಾಗಿ ಕೊಟ್ಟು ಗಡುವಿನೊಳಗೆ ಆಕ್ಷೇಪಣೆ ಹಾಕಿ. 88, 89ರಲ್ಲಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅರ್ಹತೆ ಶೇ 55, ಉಳಿದವರಿಗೆ ಶೇ 60. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಏಳು ವರ್ಷದ ಮಿತಿ 2021ರಲ್ಲೇ ಹೋಯಿತು.

ಪ್ರಶ್ನೆ: ಟಿಇಟಿ ಪಾಸಾಯಿತು, 97 ಬಂದಿದೆ. ಇನ್ನು ನೇಮಕಾತಿ ಆದೇಶ ಯಾವಾಗ ಬರುತ್ತದೆ? (ಚನ್ನರಾಯಪಟ್ಟಣ)

ಉತ್ತರ: ಟಿಇಟಿ ಅರ್ಹತಾ ಪರೀಕ್ಷೆ ಮಾತ್ರ. ಅದರಿಂದ ಹುದ್ದೆ ಬರುವುದಿಲ್ಲ. ಇಲಾಖೆ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿದಾಗ, ಟಿಇಟಿ ಆದವರು ಮತ್ತೆ ಅರ್ಜಿ ಹಾಕಿ ಆ ಪರೀಕ್ಷೆ ಬರೆಯಬೇಕು. ಇದಕ್ಕೆ ನಿಗದಿತ ವೇಳಾಪಟ್ಟಿ ಇಲ್ಲ, ಎರಡು ನೇಮಕಾತಿಗಳ ನಡುವೆ ವರ್ಷಗಳೇ ಕಳೆಯುವುದುಂಟು. ಆದ್ದರಿಂದ ಅಧಿಸೂಚನೆ ಬಂದ ಮೇಲೆ ಓದುವೆ ಎನ್ನುವವರು ಹಿಂದೆ ಬೀಳುತ್ತಾರೆ.

2022ರಲ್ಲಿ 6–8ನೇ ತರಗತಿಯ 15,000 ಹುದ್ದೆಗಳಿಗೆ ನಡೆದ ನೇಮಕಾತಿಯನ್ನೇ ಮಾದರಿಯಾಗಿ ನೋಡಿ. ಸಾಮಾನ್ಯ ಪತ್ರಿಕೆ, ವಿಷಯ ಪತ್ರಿಕೆ, ಭಾಷಾ ಸಾಮರ್ಥ್ಯ ಪತ್ರಿಕೆ ಎಂದು ಪರೀಕ್ಷೆ ಇತ್ತು. ವಿಷಯ ಪತ್ರಿಕೆಯಲ್ಲಿ ಶೇ 45, ಭಾಷಾ ಪತ್ರಿಕೆಯಲ್ಲಿ ಶೇ 50 ಬಾರದಿದ್ದರೆ ಒಟ್ಟು ಅಂಕ ಎಷ್ಟಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲ. ಟಿಇಟಿಯಲ್ಲಿ ವೃತ್ತ ತುಂಬಿ ಅಭ್ಯಾಸವಾದವರಿಗೆ ಇಲ್ಲಿ ಕೈಯಿಂದ ಬರೆಯಬೇಕಾದ ಪ್ರಶ್ನೆಗಳು ಎದುರಾಗುತ್ತವೆ, ಎಡವುವುದು ಅಲ್ಲೇ. ನಾಲ್ಕೈದು ವರ್ಷದಿಂದ ಪೆನ್ನು ಹಿಡಿದು ಒಂದು ಪುಟ ಬರೆಯದವರು ಎಷ್ಟು ತಿಳಿದಿದ್ದರೂ ಸಮಯಕ್ಕೆ ಮುಗಿಸಲಾರರು. ಆ ನೇಮಕಾತಿಯಲ್ಲಿ ಇದ್ದ ಹುದ್ದೆಗಳಷ್ಟೂ ತುಂಬಲಿಲ್ಲ ಎಂಬುದನ್ನು ನೆನಪಿಡಿ.

ಅಂತಿಮ ಶ್ರೇಣಿಗೆ ಆಗ ಸ್ಪರ್ಧಾತ್ಮಕ ಪರೀಕ್ಷೆಯಿಂದ 50, ಟಿಇಟಿಯಿಂದ 20, ಪದವಿಯಿಂದ 20, ಬಿ.ಎಡ್ ಅಥವಾ ಡಿ.ಎಡ್‌ನಿಂದ 10ರ ಪಾಲು ಇತ್ತು. ಪರೀಕ್ಷೆಯಲ್ಲಿ ಶೇ 62, ಟಿಇಟಿಯಲ್ಲಿ ಶೇ 65, ಪದವಿಯಲ್ಲಿ ಶೇ 70, ಬಿ.ಎಡ್‌ನಲ್ಲಿ ಶೇ 80 ಪಡೆದವರಿಗೆ 31 + 13 + 14 + 8, ಒಟ್ಟು 66. ಇದೇ ವ್ಯಕ್ತಿ ಟಿಇಟಿಯಲ್ಲಿ ಇನ್ನು 15 ಅಂಕ ಹೆಚ್ಚು ಗಳಿಸಿದ್ದರೆ ಶ್ರೇಣಿ 2 ಅಂಕ ಮೇಲೇರುತ್ತಿತ್ತು. ಸ್ಪರ್ಧಾತ್ಮಕ ಪರೀಕ್ಷೆಯಿಂದ ಅದೇ 2 ಅಂಕ ಬರಬೇಕಾದರೆ ಅಲ್ಲಿ ಶೇ 4 ಹೆಚ್ಚು ತೆಗೆಯಬೇಕು. ಕಟ್‌ಆಫ್ ದಶಮಾಂಶಗಳಲ್ಲಿ ನಿರ್ಧಾರವಾಗುವ ಕಡೆ 2 ಅಂಕ ಬಹಳ ದೊಡ್ಡದು. ಹಾಗಾಗಿ 97 ಬಂದಿದ್ದರೂ ಮುಂದಿನ ಟಿಇಟಿಯನ್ನು ಮತ್ತೆ ಬರೆಯಿರಿ. ಎಷ್ಟು ಸಲ ಬೇಕಾದರೂ ಬರೆಯಬಹುದು, ಹಳೆಯ ಪ್ರಮಾಣಪತ್ರ ಹಾಗೇ ಇರುತ್ತದೆ.

ಜಿಲ್ಲೆಯ ಆಯ್ಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರಾಥಮಿಕ ಶಾಲೆ ಶಿಕ್ಷಕರ ವೃಂದ (ಕೇಡರ್) ಜಿಲ್ಲಾ ಮಟ್ಟದ್ದು, ಅರ್ಜಿಯಲ್ಲಿ ಆರಿಸಿದ ಜಿಲ್ಲೆಯ ಪಟ್ಟಿಯಲ್ಲಷ್ಟೇ ನಿಮ್ಮ ಪೈಪೋಟಿ. ಒಂದು ಜಿಲ್ಲೆಯಲ್ಲಿ ಸೋಲುವ ಅಂಕಕ್ಕೆ ಪಕ್ಕದ ಜಿಲ್ಲೆಯಲ್ಲಿ ಹುದ್ದೆ ಸಿಕ್ಕಿರುತ್ತದೆ. ಅಧಿಸೂಚನೆಯ ಅನುಬಂಧದಲ್ಲಿ ಜಿಲ್ಲೆ, ವಿಷಯ, ಪ್ರವರ್ಗವಾರು ಹುದ್ದೆಗಳ ಕೋಷ್ಟಕ ಇರುತ್ತದೆ, ನಿಮ್ಮ ವಿಷಯ ಮತ್ತು ಪ್ರವರ್ಗಕ್ಕೆ ಎಲ್ಲಿ ಹೆಚ್ಚು ಹುದ್ದೆಗಳಿವೆ ಎಂದು ಬೆರಳಿಟ್ಟು ಎಣಿಸಿ. ಹಾಗೆಂದು ದೂರದ ಜಿಲ್ಲೆ ಆರಿಸಿ ಎರಡೇ ವರ್ಷಕ್ಕೆ ಊರಿಗೆ ವರ್ಗ ಮಾಡಿಸಿಕೊಳ್ಳುತ್ತೇನೆ ಎಂಬ ಲೆಕ್ಕ ಬೇಡ. ಜಿಲ್ಲೆಯಿಂದ ಜಿಲ್ಲೆಗೆ ವರ್ಗಾವಣೆ ಕಾಯ್ದೆಯ ಮಿತಿಯೊಳಗೆ ಮಾತ್ರ ನಡೆಯುತ್ತದೆ, ಹೋದಲ್ಲಿ ಜ್ಯೇಷ್ಠತೆಯೂ ಕೆಳಗಿಳಿಯುತ್ತದೆ. ಹತ್ತಾರು ವರ್ಷ ಇರಬಲ್ಲ ಜಿಲ್ಲೆಯನ್ನೇ ಆರಿಸಿ. ಪ್ರೌಢಶಾಲಾ ಶಿಕ್ಷಕರ ವೃಂದ ವಿಭಾಗ ಮಟ್ಟದ್ದು, ಅಲ್ಲಿ ಲೆಕ್ಕ ಬೇರೆ.

ಪ್ರಶ್ನೆ: ಬಿ.ಕಾಂ, ಬಿ.ಎಡ್ ಮಾಡಿ ಟಿಇಟಿ ಪಾಸಾಗಿದ್ದೇನೆ. 6–8ಕ್ಕೆ ಯಾವ ವಿಷಯದಲ್ಲಿ ಅರ್ಜಿ? (ದಾವಣಗೆರೆ)

ಉತ್ತರ: ಬೇಸರದ ಉತ್ತರ ಕೊಡಬೇಕಾಗಿದೆ. 2022ರ ನೇಮಕಾತಿಯಲ್ಲಿ ಇದ್ದ ಗುಂಪುಗಳು ಇಂಗ್ಲಿಷ್ ಭಾಷೆ, ಸಮಾಜ ವಿಜ್ಞಾನ, ಗಣಿತ-ವಿಜ್ಞಾನ ಮತ್ತು ಜೀವ ವಿಜ್ಞಾನ. ವಾಣಿಜ್ಯಕ್ಕೆ ಗುಂಪೇ ಇರಲಿಲ್ಲ. ಟಿಇಟಿ ಬರೆಯಲು ಬಿಟ್ಟರು ಎಂದ ಮಾತ್ರಕ್ಕೆ ನೇಮಕಾತಿಗೆ ಅರ್ಹತೆ ಸಿಕ್ಕಿತು ಎಂದು ತಿಳಿಯಬಾರದು, ಎರಡರ ನಿಯಮ ಬೇರೆ ಬೇರೆ. ನಿಮ್ಮ ಓದಿಗೆ ನೇರವಾದ ದಾರಿ ಎಂ.ಕಾಂ ಮುಗಿಸಿ ಪಿಯು ಕಾಲೇಜಿನ ವಾಣಿಜ್ಯಶಾಸ್ತ್ರ ಉಪನ್ಯಾಸಕ ಹುದ್ದೆಗೆ ಸಿದ್ಧರಾಗುವುದು. ಬಿ.ಎಡ್ ಅಲ್ಲಿಗೆ ಬೇಕೇ ಬೇಕು, ಆದ್ದರಿಂದ ಮಾಡಿದ್ದು ವ್ಯರ್ಥವಾಗಿಲ್ಲ. ಪದವಿಗೆ ಈಗ ಸೇರುತ್ತಿರುವವರು ಮಾತ್ರ ವಿಷಯ ಆರಿಸುವ ಮೊದಲೇ ಹಿಂದಿನ ಅಧಿಸೂಚನೆಯ ವಿದ್ಯಾರ್ಹತೆಯ ಪುಟ ತೆರೆದು ನೋಡಲಿ.

ಪ್ರಶ್ನೆ: ನನಗೆ ಮದುವೆಯಾಗಿದೆ. ನಮ್ಮದು 3ಬಿ. ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲೋ? ಗ್ರಾಮೀಣ, ಕನ್ನಡ ಮಾಧ್ಯಮ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಇವಕ್ಕೆಲ್ಲ ಏನು ಬೇಕು? ತವರು ಸಿಂಧನೂರು. (ಹುಬ್ಬಳ್ಳಿ)

ಉತ್ತರ: ಇಷ್ಟು ಮುಂಚೆ ಕೇಳಿದ್ದು ಒಳ್ಳೆಯದಾಯಿತು. 2022ರ ನೇಮಕಾತಿಯಲ್ಲಿ ಇದೇ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತು. ತಂದೆಯ ಆದಾಯದ ಪ್ರಮಾಣಪತ್ರ ಕೊಟ್ಟಿದ್ದ ವಿವಾಹಿತೆಯರನ್ನು ಮೀಸಲಾತಿಯಿಂದ ಸಾಮಾನ್ಯ ವರ್ಗಕ್ಕೆ ಸೇರಿಸಿದ್ದೇ ವಿವಾದದ ಮೂಲ. ಆಯ್ಕೆಯಾದ ಉಳಿದವರ ಆದೇಶಗಳೂ 2023ರ ಅಕ್ಟೋಬರ್‌ವರೆಗೆ ತಡವಾದವು. ಜಾತಿ ಹುಟ್ಟಿನಿಂದ ಬರುವುದು, ಅದರಲ್ಲಿ ಗೊಂದಲವಿಲ್ಲ. ತಕರಾರು ಇರುವುದು ಯಾರ ಆದಾಯ ಲೆಕ್ಕಕ್ಕೆ ಎಂಬುದರಲ್ಲಿ. ನಿಮ್ಮ ಅಧಿಸೂಚನೆಯಲ್ಲಿ ವಿವಾಹಿತ ಮಹಿಳೆಯರ ಬಗ್ಗೆ ಏನು ಬರೆದಿದೆಯೋ ಅದನ್ನು ಅಕ್ಷರಶಃ ಪಾಲಿಸಿ. ಕಾದು ಕುಳಿತುಕೊಳ್ಳುವ ಬದಲು ಎರಡೂ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ಪಡೆದಿಡಿ, ಕೇಳಿದ್ದನ್ನು ಅರ್ಜಿಯಲ್ಲಿ ನಮೂದಿಸಿ.

2ಎ, 2ಬಿ, 3ಎ, 3ಬಿಗೆ ನಮೂನೆ 'ಎಫ್'. ಅದರ ಅವಧಿ ಐದು ವರ್ಷ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ 'ಡಿ', ಪ್ರವರ್ಗ 1ಕ್ಕೆ 'ಇ', ಈ ಎರಡಕ್ಕೂ ಆದಾಯದ ಪ್ರಶ್ನೆ ಬರುವುದಿಲ್ಲ. ನೋಡಬೇಕಾದ್ದು ದಿನಾಂಕ: ಪ್ರಮಾಣಪತ್ರ ಅರ್ಜಿಯ ಕೊನೆಯ ದಿನಕ್ಕೆ ಚಾಲ್ತಿಯಲ್ಲಿರಬೇಕು. ಪರಿಶೀಲನೆಯ ದಿನ ಹೊಸದನ್ನು ತಂದು ತೋರಿಸಿದರೆ ಒಪ್ಪುವುದಿಲ್ಲ. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ತೊಂದರೆ, ಟೈಪ್ ಮಾಡಿದ ಮೇಲೆ ಇನ್ನೊಬ್ಬರ ಕೈಲಿ ಓದಿಸಿ ನೋಡಿ.

ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಏಳನೆಯವರೆಗೆ ಹಳ್ಳಿ, ಆಮೇಲೆ ಪಟ್ಟಣದ ಹೈಸ್ಕೂಲು ಎಂದರೆ ಸಿಗುವುದಿಲ್ಲ. ಕನ್ನಡ ಮಾಧ್ಯಮಕ್ಕೂ ಹತ್ತೂ ವರ್ಷ. ಹಿರಿಯ ಪ್ರಾಥಮಿಕ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ಕಡೆ ಆಗಿದ್ದರೆ ಎರಡೂ ಶಾಲೆಯಿಂದ ಪ್ರಮಾಣಪತ್ರ ಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಸಹಿಯ ಜೊತೆ ಆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಆಗಬೇಕು. ಎರಡು ತಾಲ್ಲೂಕಿನ ಶಾಲೆಗಳಾದರೆ ಎರಡು ಬಿಇಒ ಕಚೇರಿ ಸುತ್ತಬೇಕು, ಅದಕ್ಕೇ ಒಂದು ವಾರ ಇಟ್ಟುಕೊಳ್ಳಿ. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳಿದರೆ ಮೇಲುಸ್ತರಕ್ಕೆ (ಕೆನೆಪದರಕ್ಕೆ) ಸೇರಿಲ್ಲ ಎಂಬ ತಹಶೀಲ್ದಾರರ ಪ್ರಮಾಣಪತ್ರವನ್ನೂ ಲಗತ್ತಿಸಬೇಕು, ಇದನ್ನು ಮರೆಯುವವರು ತುಂಬಾ ಜನ.

371ಜೆ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎ.ಸಿ. ಆಫೀಸು. ಸಿಂಧನೂರು ರಾಯಚೂರು ಜಿಲ್ಲೆಯದ್ದಾದ್ದರಿಂದ ನೀವು ಅಲ್ಲೇ ಹುಟ್ಟಿದ್ದರೆ ಆ ದಾಖಲೆಯೊಡನೆ ಅರ್ಜಿ ಹಾಕಿ. ಮದುವೆಯಾಗಿ ಹುಬ್ಬಳ್ಳಿಗೆ ಬಂದಿರುವುದು ಹುಟ್ಟಿನ ಹಕ್ಕನ್ನು ಕಸಿಯುವುದಿಲ್ಲ. ಗ್ರೂಪ್ ಸಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ 80 ಮೀಸಲು ಇರುವುದರಿಂದ ಈ ಕಾಗದಕ್ಕೆ ಬಹಳ ಬೆಲೆ ಇದೆ.

ಪ್ರಶ್ನೆ: ಹೊರರಾಜ್ಯದ ಕಾಲೇಜೊಂದರಲ್ಲಿ ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು, ಬಿ.ಎಡ್ ಕೊಡುತ್ತೇವೆ ಎನ್ನುತ್ತಾರೆ. ಸೇರಬಹುದೇ? (ಬಾಗೇಪಲ್ಲಿ)

ಉತ್ತರ: ಬೇಡ. ನಿಯಮದ ಪ್ರಕಾರ ಬಿ.ಎಡ್‌ಗೆ ತರಗತಿಯಲ್ಲಿ ಶೇ 80, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ 90 ಹಾಜರಾತಿ ಬೇಕು, ಇಂಟರ್ನ್‌ಶಿಪ್ ಒಂದೇ 20 ವಾರ. ಇದನ್ನು ಬಿಟ್ಟುಕೊಡುವ ಕಾಲೇಜು ಮುಂದೆ ನಿಮ್ಮ ದಾಖಲೆಗಳ ನೈಜತೆ ಕೇಳಿದಾಗ ಕೈಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, 40 ಮಕ್ಕಳ ಎದುರು ಒಮ್ಮೆಯೂ ನಿಲ್ಲದೆ ತರಬೇತಿ ಮುಗಿಯಿತು ಎನ್ನುವುದು ಆ ಮಕ್ಕಳಿಗೆ ಅನ್ಯಾಯ. ಯಾವ ಕಾಲೇಜಾದರೂ ಶುಲ್ಕ ಕಟ್ಟುವ ಮೊದಲು ಎನ್‌ಸಿಟಿಇ ಮಾನ್ಯತೆಯ ಆದೇಶದ ಪ್ರತಿ ಕೇಳಿ, ಅದರಲ್ಲಿ ಕೋರ್ಸಿನ ಹೆಸರು ಮತ್ತು ಸೀಟಿನ ಸಂಖ್ಯೆ ಓದಿ, ಎನ್‌ಸಿಟಿಇ ಜಾಲತಾಣದ ಪಟ್ಟಿಯಲ್ಲಿ ಹೋಲಿಸಿ. ದೂರಶಿಕ್ಷಣದ ಬಿ.ಎಡ್ ಇರುವುದು ಈಗಾಗಲೇ ಡಿ.ಎಡ್‌ನಂಥ ತರಬೇತಿ ಆದವರಿಗೆ, ಹೊಸಬರಿಗಲ್ಲ.

ಪ್ರಶ್ನೆ: 2008ರಲ್ಲಿ ನೇಮಕವಾದ ಪ್ರಾಥಮಿಕ ಶಾಲಾ ಶಿಕ್ಷಕ ನಾನು. ವಯಸ್ಸು 47. ಈಗ ಟಿಇಟಿ ಬರೆಯಬೇಕು ಎನ್ನುತ್ತಿದ್ದಾರೆ. ನಿಜವೇ? (ಚಿಕ್ಕಮಗಳೂರು ಜಿಲ್ಲೆ)

ಉತ್ತರ: 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಶಿಕ್ಷಣ ಹಕ್ಕು ಕಾಯ್ದೆಗೆ ಮುಂಚೆ ನೇಮಕವಾಗಿದ್ದರೂ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ನಿವೃತ್ತಿಯವರೆಗೆ ಮುಂದುವರಿಯಬಹುದು, ಬಡ್ತಿ ಬೇಕಿದ್ದರೆ ಅವರಿಗೂ ಟಿಇಟಿ ಕಡ್ಡಾಯ. 60ಕ್ಕೆ ನಿವೃತ್ತಿ ಎಂದರೆ ನಿಮಗೆ ಇನ್ನೂ 13 ವರ್ಷ ಇದೆ, ಆದ್ದರಿಂದ ಅನ್ವಯಿಸುತ್ತದೆ. ಮರುಪರಿಶೀಲನೆಯ ಅರ್ಜಿಗಳು, ಸಂಘದ ಮನವಿಗಳು ತಮ್ಮ ಪಾಡಿಗೆ ನಡೆಯಲಿ, ಓದು ನಿಲ್ಲಿಸಬೇಡಿ. ನೀವು 1–5ಕ್ಕೆ ಪಾಠ ಮಾಡುತ್ತಿದ್ದರೆ ಪತ್ರಿಕೆ 1, ಪದವೀಧರ ವೃಂದಕ್ಕೆ ಹೋಗುವ ಯೋಚನೆಯಿದ್ದರೆ 2 ಕೂಡ. ಎರಡೂ ಒಂದೇ ದಿನ, ಬೆಳಿಗ್ಗೆ ಮತ್ತು ಮಧ್ಯಾಹ್ನ ನಡೆಯುತ್ತವೆ. ತರಗತಿಯ ಅನುಭವ ಬೋಧನಾ ಶಾಸ್ತ್ರದಲ್ಲಿ ನಿಮಗೆ ಖಂಡಿತ ನೆರವಾಗುತ್ತದೆ. ಹೆದರಿಕೆ ಇರುವುದು ಇಂಗ್ಲಿಷ್ ಮತ್ತು ಒಎಂಆರ್ ವೇಗದಲ್ಲಿ, ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.

ಪ್ರಶ್ನೆ: ಅತಿಥಿ ಶಿಕ್ಷಕಿಯಾಗಿ ನಾಲ್ಕು ವರ್ಷವಾಯಿತು. ಕಾಯಂ ಮಾಡುತ್ತಾರೆಯೇ? ಒಬ್ಬರು ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಎಂದಿದ್ದಾರೆ. (ಕೊಪ್ಪಳ ಜಿಲ್ಲೆ)

ಉತ್ತರ: ಅತಿಥಿ ಶಿಕ್ಷಕರ ನೇಮಕ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ, ಕಾಯಂಗೆ ಅದು ದಾರಿಯಲ್ಲ. ಕೃಪಾಂಕದ ಮಾತು ಆಗಾಗ ಕೇಳಿಬರುತ್ತದೆ, ಅಧಿಸೂಚನೆಯಲ್ಲಿ ಅಚ್ಚಾದಾಗ ಮಾತ್ರ ಅದನ್ನು ನಂಬಿ. ಆದರೂ ಪ್ರತಿ ವರ್ಷದ ಸೇವಾ ಪ್ರಮಾಣಪತ್ರವನ್ನು ಮುಖ್ಯಶಿಕ್ಷಕರಿಂದ ಆಯಾ ವರ್ಷವೇ ಬರೆಸಿಕೊಂಡು ಬಿಇಒ ಮೇಲುರುಜು ಹಾಕಿಸಿಡಿ, ಮುಖ್ಯಶಿಕ್ಷಕರು ವರ್ಗವಾದ ಮೇಲೆ ಹಳೆಯದನ್ನು ಹುಡುಕುವುದು ಕಷ್ಟ. ದುಡ್ಡಿನ ಮಾತಾಡಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2012–13 ಮತ್ತು 2014–15ರ ಅಕ್ರಮ ನೇಮಕಾತಿಗಳ ಬೆನ್ನು ಹತ್ತಿ ಸಿಐಡಿ 2022ರಲ್ಲಿ ಶಿಕ್ಷಕರನ್ನು ಬಂಧಿಸಿತು. ವರ್ಷಗಟ್ಟಲೆ ಸಂಬಳ ತೆಗೆದುಕೊಂಡವರೂ ಪಾರಾಗಲಿಲ್ಲ.

ಪ್ರಶ್ನೆ: ನಮ್ಮದು ಮಂಜೇಶ್ವರ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೆಲಸಕ್ಕೆ ಕರ್ನಾಟಕದ ಟಿಇಟಿ ಸಾಕೇ?

ಉತ್ತರ: ಸಾಲದು, ಅಲ್ಲಿಗೆ ಕೇರಳದ ಅರ್ಹತಾ ಪರೀಕ್ಷೆ ಕೆ-ಟೆಟ್ ಬೇಕು. ಅದರಲ್ಲಿ ನಾಲ್ಕು ವಿಭಾಗ: ಕೆಳ ಪ್ರಾಥಮಿಕ, ಮೇಲ್ ಪ್ರಾಥಮಿಕ, ಹೈಸ್ಕೂಲು, ಮತ್ತು ಭಾಷೆ-ಕಲೆ-ದೈಹಿಕ ಶಿಕ್ಷಣದಂಥ ವಿಶೇಷ ಶಿಕ್ಷಕರದು. ಕರ್ನಾಟಕದಲ್ಲಿ 9–10ಕ್ಕೆ ಟಿಇಟಿ ಕೇಳುವುದಿಲ್ಲ, ಕೇರಳದಲ್ಲಿ ಹೈಸ್ಕೂಲಿಗೂ ಇದೆ. ಭಾಷೆಯ ಆಯ್ಕೆಯಲ್ಲಿ ಕನ್ನಡ ಸಿಗುತ್ತದೆ, ಅರ್ಜಿ ತುಂಬುವಾಗಲೇ ಅದನ್ನು ಆರಿಸಬೇಕು. ಹುದ್ದೆಗಳನ್ನು ಕೇರಳ ಪಿಎಸ್‌ಸಿ 'ಕನ್ನಡ ಮಾಧ್ಯಮ' ಎಂದು ಪ್ರತ್ಯೇಕವಾಗಿ ಕರೆಯುತ್ತದೆ. ಅದರ 'ತುಳಸಿ' ಜಾಲತಾಣದಲ್ಲಿ ಒಮ್ಮೆ ನೋಂದಣಿ ಮಾಡಿಟ್ಟು, ಪ್ರಕಟಣೆ ಬಂದಾಗ ಒಳಹೊಕ್ಕು ಅರ್ಜಿ ಹಾಕಬೇಕು. ಡಿ.ಎಲ್.ಎಡ್ ಅಥವಾ ಬಿ.ಎಡ್ಡನ್ನು ಮಂಗಳೂರು ಕಡೆ ಮಾಡಿದ್ದರೆ ಕೇರಳ ಅದನ್ನು ಸಮಾನವೆಂದು ಒಪ್ಪಿದ ದಾಖಲೆಯನ್ನು ಮೊದಲೇ ಮಾಡಿಸಿಕೊಳ್ಳಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ, ಪದವಿಯಲ್ಲಿ ತಂದೆಯ ಪೂರ್ತಿ ಹೆಸರಿದೆ, ಆಧಾರ್‌ನಲ್ಲಿ ಎರಡೂ ಇಲ್ಲ. ತೊಂದರೆಯಾಗುತ್ತದೆಯೇ? (ಮಳವಳ್ಳಿ)

ಉತ್ತರ: ಆಗಬಹುದು. ಹೆಸರು ಮತ್ತು ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಮೂಲ. ಟಿಇಟಿ ಅರ್ಜಿಯಿಂದ ಹಿಡಿದು ಮುಂದಿನ ಎಲ್ಲ ಅರ್ಜಿಗಳಲ್ಲೂ ಅದರಲ್ಲಿರುವಂತೆಯೇ, ಚುಕ್ಕಿ ಮತ್ತು ಅಂತರದ ಸಮೇತ ಬರೆಯಿರಿ. ಆಧಾರ್ ಅನ್ನು ಅದಕ್ಕೆ ಹೊಂದುವಂತೆ ತಿದ್ದಿಸುವುದು ಸುಲಭ, ಅದನ್ನು ಈ ತಿಂಗಳೇ ಮಾಡಿ. ಪದವಿಯ ಅಂಕಪಟ್ಟಿಯಲ್ಲಿನ ವ್ಯತ್ಯಾಸಕ್ಕೆ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿ. ಅದು ಬರುವವರೆಗೆ ಎರಡೂ ಹೆಸರು ಒಬ್ಬರದ್ದೇ ಎಂಬ ನೋಟರಿ ಪ್ರಮಾಣಪತ್ರ ಕೈಯಲ್ಲಿರಲಿ.

ಶುಲ್ಕ ಕಟ್ಟುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಖಾತೆಯಿಂದ ಹಣ ಕಡಿತವಾಗಿಯೂ ಅರ್ಜಿ 'ಶುಲ್ಕ ಬಾಕಿ' ಎಂದೇ ಉಳಿಯುವುದುಂಟು. ಸರಿಪಡಿಸಲು ಎರಡು ಮೂರು ದಿನ ಬೇಕು. ಪರಿಶೀಲನೆಗೆ ಹೋಗುವಾಗ ಮೂಲ ದಾಖಲೆಗಳನ್ನು ಅರ್ಜಿಯಲ್ಲಿರುವ ಕ್ರಮದಲ್ಲೇ ಜೋಡಿಸಿ, ಪ್ರತಿಯೊಂದರ ಎರಡು ಜೆರಾಕ್ಸ್ ದೃಢೀಕರಿಸಿ, ಟಿಇಟಿಗೆ ಕೊಟ್ಟ ಅದೇ ಭಾವಚಿತ್ರದ ಐದಾರು ಪ್ರತಿ ಇಟ್ಟುಕೊಳ್ಳಿ. ಪದವಿಗೆ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಯೂ ಬೇಕು, ಕೊನೆಯ ವರ್ಷದ್ದೊಂದೇ ತಂದವರನ್ನು ವಾಪಸು ಕಳಿಸುತ್ತಾರೆ.